ಸಂಖ್ಯೆ ತಪ್ಪು ಬಂದರೆ ಮೊದಲು ಮೀಟರ್ ಹಿಡಿಯಿರಿ

ಹಾಸನದಲ್ಲಿ ನಡೆದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿದ್ದರು, ಸಕಲೇಶಪುರ, ಆಲೂರು ಕಡೆಯ ತೋಟದವರಿದ್ದರು, ಟಿವಿ, ಮೋಟಾರ್ ರಿಪೇರಿ ಮಾಡುವವರೂ ಬಂದಿದ್ದರು. ಬೋರ್ಡ್ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನೊಳಗೇ ಸೇರಿಸಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ರಾಸ್ಪ್‌ಬೆರಿ ಪೈ ಥರದ ಒಂದು ಚಿಕ್ಕ ಕಂಪ್ಯೂಟರ್ ಬೋರ್ಡಿಗೆ ನೀವು ಸೆನ್ಸರ್ ಜೋಡಿಸಿದ್ದೀರಿ ಅಂತ ಇಟ್ಟುಕೊಳ್ಳೋಣ. ಕಾಫಿ ಗಿಡದ ಬುಡದ ತೇವ ಇರಬಹುದು, ಮನೆ ಮೇಲಿನ ಟ್ಯಾಂಕಿನ ನೀರಿನ ಮಟ್ಟ ಇರಬಹುದು, ಆಲೂಗೆಡ್ಡೆ ಇಟ್ಟ ಕೋಲ್ಡ್ ಸ್ಟೋರೇಜಿನ ಶಾಖ ಇರಬಹುದು. ಪರದೆ ಮೇಲೆ ಬರುವ ಸಂಖ್ಯೆ ಸರಿಯಿಲ್ಲ. ಕೆಲವು ಸಲ ಅದು ಸುಮ್ನೆ ಕುಣಿಯುತ್ತದೆ. ಕೆಲವು ಸಲ ಒಂದೇ ಕಡೆ ಕೂತುಬಿಡುತ್ತದೆ. ಇನ್ನು ಕೆಲವು ಸಲ ನೋಡಿದರೆ ನಂಬಿಕೆ ಬರುವ ಹಾಗಿರುತ್ತದೆ, ಆದರೆ ತಪ್ಪಿರುತ್ತದೆ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ತಪ್ಪು ಅಂತ ಗೊತ್ತಾಗುವಷ್ಟರಲ್ಲಿ ಆಲೂಗೆಡ್ಡೆ ಮೊಳಕೆ ಬಂದಿರುತ್ತದೆ.

ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಪ್ರೋಗ್ರಾಂ ತಿದ್ದುವುದು. ಕೀಬೋರ್ಡ್ ಕೈ ಹತ್ತಿರವೇ ಇರುತ್ತದೆ, ವೋಲ್ಟ್ ಅಳೆಯುವ ಮಲ್ಟಿಮೀಟರ್ ಬೀರುವಿನಲ್ಲಿರುತ್ತದೆ. ಲೈಬ್ರರಿ ಬದಲಿಸುತ್ತಾರೆ, ಹತ್ತು ಸಲ ಓದಿ ಸರಾಸರಿ ತೆಗೆಯುತ್ತಾರೆ, ಕೊನೆಗೆ ಬಂದ ಸಂಖ್ಯೆಯಿಂದ 5 ಕಳೆದು ಸರಿಹೋಯ್ತು ಅನ್ನುತ್ತಾರೆ. ಅಲ್ಲಿಗೆ ತಪ್ಪು ಪ್ರೋಗ್ರಾಮಿನೊಳಗೆ ಮನೆ ಮಾಡಿಕೊಂಡಿತು ಅಂತಲೇ ಲೆಕ್ಕ.

ನಾನು ಹೇಳುವುದು ಬೇರೆ. ಆ ಸಂಖ್ಯೆ ಒಂದು ದಾರಿ ನಡೆದು ಬಂದಿದೆ. ಸೆನ್ಸರಿನಲ್ಲಿ ಹುಟ್ಟಿ, ತಂತಿಯಲ್ಲಿ ಹರಿದು, ರೆಸಿಸ್ಟರೋ, ಸಿಗ್ನಲ್ಲಿಗೆ ಬಲ ಕೊಡುವ ಆಪ್-ಆಂಪ್ ಚಿಪ್ಪೋ ದಾಟಿ, ವೋಲ್ಟನ್ನು ಅಂಕಿ ಮಾಡುವ ಎಡಿಸಿ ಚಿಪ್ಪಿನ ಕಾಲಿಗೆ ತಲುಪಿ, ಅಲ್ಲಿ ಅಂಕಿಯಾಗಿದೆ. ಆ ದಾರಿಯ ಒಂದೊಂದು ಕೀಲಿನಲ್ಲೂ ಎಷ್ಟು ವೋಲ್ಟ್ ಇರಬೇಕು ಅಂತ ಮೊದಲು ಹಾಳೆ ಮೇಲೆ ಬರೆಯಿರಿ. ಆಮೇಲೆ ಮೀಟರ್ ಹಿಡಿಯಿರಿ. ಹಾಳೆಯೂ ಮೀಟರೂ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ನಿಲ್ಲಿ. ಹಾಳೆ ಬರೆಯದೆ ಮೀಟರ್ ಹಿಡಿದರೆ ಉಪಯೋಗವಿಲ್ಲ. 0.74 ವೋಲ್ಟ್ ಅಂತ ತೋರಿಸಿದರೆ ಅದು ಸರಿಯೋ ತಪ್ಪೋ ಹೇಗೆ ಗೊತ್ತಾಗಬೇಕು?

ನಮ್ಮ ಹಾಸನದಲ್ಲೇ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹದ ಬ್ಯಾಟರಿ ಎಷ್ಟು ವೋಲ್ಟ್, ಅದರ ಮೈ ಎಷ್ಟು ಬಿಸಿ ಅನ್ನುವುದೆಲ್ಲ ಅಲ್ಲಿ ಕೂತವರಿಗೆ ಬರೀ ಸಂಖ್ಯೆಯಾಗಿ ಬರುತ್ತದೆ. ಅನುಮಾನ ಬಂದರೆ ಮೇಲೆ ಹೋಗಿ ಮೀಟರ್ ಹಿಡಿಯುವ ಹಾಗಿಲ್ಲ. ನಿಮ್ಮ ಸರ್ಕ್ಯೂಟ್ ಮೇಜಿನ ಮೇಲೇ ಇದೆ. ಆದರೂ ಪರದೆಯನ್ನೇ ನೋಡುತ್ತ ಕೂರುವುದು ನನಗೆ ವಿಚಿತ್ರ ಅನ್ನಿಸುತ್ತದೆ.

ಪೈಗೆ ಹೌದು ಮತ್ತು ಇಲ್ಲ ಮಾತ್ರ ಗೊತ್ತು

ಹೊಸಬರಿಗಾಗಿ ಒಂದು ವಿಷಯ. ರಾಸ್ಪ್‌ಬೆರಿ ಪೈ ಬೋರ್ಡಿನ ಪಿನ್ನುಗಳಲ್ಲಿ ಒಂದೂ ಅನಲಾಗ್, ಅಂದರೆ ಸ್ವಲ್ಪ ಸ್ವಲ್ಪವೇ ಏರಿಳಿಯುವ ವೋಲ್ಟನ್ನು, ಒಳಗೆ ತೆಗೆದುಕೊಳ್ಳುವುದಿಲ್ಲ. 2012ರಲ್ಲಿ ಬಂದ ಮೊದಲ ಪೈನಿಂದ ಇವತ್ತಿನ ಪೈ 5ರವರೆಗೂ ಹೀಗೆಯೇ. ಬೆಳಕಿನ ಸೆನ್ಸರನ್ನು ನೇರವಾಗಿ ಈ ಪಿನ್ನುಗಳಲ್ಲೊಂದಕ್ಕೆ (ಜಿಪಿಐಒ) ಚುಚ್ಚಿ, ಬೆಳಕು ಕಡಿಮೆಯಾದರೂ ಸಂಖ್ಯೆ 1ರಲ್ಲೇ ನಿಂತಿದೆ ಅಂದರೆ ಬೋರ್ಡ್ ಕೆಟ್ಟಿಲ್ಲ. ಅದಕ್ಕೆ ಗೊತ್ತಿರುವುದೇ 0 ಮತ್ತು 1. ಅದೇ ಕಂಪನಿಯ 2021ರ ಪೈ ಪಿಕೋದಲ್ಲಿ 12 ಬಿಟ್ಟಿನ ಎಡಿಸಿ ಇದೆ, ಆದರೆ ಅದು ಮೈಕ್ರೋಕಂಟ್ರೋಲರ್, ಲಿನಕ್ಸ್ ಓಡುವ ಕಂಪ್ಯೂಟರ್ ಅಲ್ಲ. ಬೀಗಲ್‌ಬೋನ್ ಬ್ಲ್ಯಾಕ್ ಲಿನಕ್ಸ್ ಬೋರ್ಡೇ, ಅನಲಾಗ್ ಪಿನ್ನೂ ಇವೆ, ಆದರೆ ಅವುಗಳಿಗೆ 1.8 ವೋಲ್ಟಿಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಪೈ ಅಭ್ಯಾಸದಲ್ಲಿ 3.3 ಕೊಟ್ಟರೆ ಚಿಪ್ಪಿಗೆ ಏಟು.

ಪೈ ಇಟ್ಟುಕೊಂಡವರು ಹೊರಗಡೆ ಒಂದು ಎಡಿಸಿ ಹಾಕಲೇಬೇಕು. ಸಾಮಾನ್ಯವಾಗಿ ಎಂಸಿಪಿ3008 ಅಥವಾ ಎಡಿಎಸ್1115. ಮೊದಲನೆಯದು 10 ಬಿಟ್, ಅಂದರೆ 0ರಿಂದ 1023ರವರೆಗೆ ಮೆಟ್ಟಿಲು, 8 ಚಾನೆಲ್, ಎಸ್‌ಪಿಐ ಅನ್ನುವ ತಂತಿ ಜೋಡಣೆಯ ಮೂಲಕ ಪೈ ಜೊತೆ ಮಾತಾಡುತ್ತದೆ. ಎರಡನೆಯದು 16 ಬಿಟ್, 4 ಚಾನೆಲ್, ಐ2ಸಿ ಅನ್ನುವ ಇನ್ನೊಂದು ಜೋಡಣೆ. ಪೈ ಪಿನ್ನುಗಳ ಮಿತಿ 3.3 ವೋಲ್ಟ್. 5 ವೋಲ್ಟ್ ಕೊಡುವ ಸೆನ್ಸರ್ ಇದ್ದರೆ ಮೇಲೆ 10 ಕಿಲೋ ಓಮ್, ಕೆಳಗೆ 15 ಕಿಲೋ ಓಮ್ ಹಾಕಿ ಹಂಚಿ. 5 ವೋಲ್ಟ್ ಆಗ 3 ವೋಲ್ಟ್ ಆಗುತ್ತದೆ, ಸ್ವಲ್ಪ ಜಾಗವೂ ಉಳಿಯುತ್ತದೆ.

ಮೊದಲ ಏಟಿಗೇ ಅರ್ಧ ಕೆಲಸ

ಸಂಖ್ಯೆ ತಪ್ಪು ಬಂದಾಗ ನಾನು ಮೊದಲು ಮಾಡಿಸುವ ಪರೀಕ್ಷೆಗೆ ಎರಡು ತಂತಿ ಸಾಕು. ಸೆನ್ಸರನ್ನು ಎಡಿಸಿ ಕಾಲಿನಿಂದ ಬಿಡಿಸಿ. ಆ ಕಾಲನ್ನು 1 ಕಿಲೋ ಓಮ್ ಮೂಲಕ ಗ್ರೌಂಡಿಗೆ, ಅಂದರೆ ಮೈನಸ್ ಕಡೆಗೆ, ಮುಟ್ಟಿಸಿ. ಎಂಸಿಪಿ3008 ಆದರೆ 0 ಬರಬೇಕು, 1 ಬಂದರೂ ಚಿಂತೆಯಿಲ್ಲ. ಆಮೇಲೆ 3.3 ವೋಲ್ಟಿಗೆ ಮುಟ್ಟಿಸಿ, 1023 ಬರಬೇಕು. ಎರಡು 10 ಕಿಲೋ ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ ನಡುವಿನಿಂದ ಕೊಟ್ಟರೆ 512ರ ಆಸುಪಾಸು ಬರಬೇಕು.

ಈ ಮೂರೂ ಸರಿ ಬಂದರೆ ಎಡಿಸಿಯೂ ಸರಿ, ಪ್ರೋಗ್ರಾಮೂ ಸರಿ. ಇನ್ನು ಆ ಕಡೆಗೆ ತಿರುಗಿಯೂ ನೋಡಬೇಡಿ, ತೊಂದರೆ ಸೆನ್ಸರ್ ಕಡೆಯೇ ಇದೆ. ಮೂರೂ ತಪ್ಪಿದರೆ, ಅದರಲ್ಲೂ ಎಂಟೂ ಚಾನೆಲ್ಲಿನಲ್ಲಿ 0 ಅಥವಾ ಎಂಟರಲ್ಲೂ 1023 ಬರುತ್ತಿದ್ದರೆ, ಅದು ಅನಲಾಗ್ ಸಮಸ್ಯೆಯೇ ಅಲ್ಲ. ಎಸ್‌ಪಿಐ ಆನ್ ಮಾಡಿಲ್ಲ, ಇಲ್ಲವೇ ಡೇಟಾ ತಂತಿ ಅದಲು ಬದಲಾಗಿದೆ, ಇಲ್ಲವೇ ಚಿಪ್ಪನ್ನು ತಿರುಗಿಸಿ ಕೂರಿಸಿದ್ದೀರಿ. ಚಿಪ್ ಬಿಸಿಯಾಗಿದೆಯಾ ಅಂತ ಬೆರಳಿಟ್ಟು ನೋಡಿ.

ಇಲ್ಲೇ ಒಂದು ಮಾತು. ಏನೂ ಜೋಡಿಸದ ಚಾನೆಲ್ 0 ತೋರಿಸುತ್ತದೆ ಅಂತ ನಂಬಬೇಡಿ. ಖಾಲಿ ಕಾಲು ಆಂಟೆನಾ ಇದ್ದ ಹಾಗೆ, ಏನೇನೋ ಹಿಡಿಯುತ್ತದೆ. ಪಕ್ಕದ ಚಾನೆಲ್ಲಿನ ಸಂಖ್ಯೆಯನ್ನೇ ಅರೆಬರೆ ಹೇಳುವುದೂ ಉಂಟು. ಸೆನ್ಸರಿನ ಮೇಲೆ ಕೈ ಇಟ್ಟರೆ ಸಂಖ್ಯೆ ಬದಲಾಗುತ್ತಿದೆ, ಹಾಗಾಗಿ ಕೆಲಸ ಮಾಡ್ತಿದೆ ಅಂತ ಅಂದುಕೊಳ್ಳುವವರು ಒಮ್ಮೆ ತಂತಿ ನಿಜವಾಗಿ ಕೂಡಿದೆಯಾ ನೋಡಿ. ತಂತಿ ಬಿಟ್ಟುಹೋಗಿದ್ದರೂ ನಿಮ್ಮ ಕೈ ಹತ್ತಿರ ಬಂದರೆ ಅದು ಬದಲಾಗುತ್ತದೆ.

ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ ಅಂಚಿನ ಕೆಂಪು, ನೀಲಿ ಸಾಲು ನಡುವೆ ತುಂಡಾಗಿರುವುದುಂಟು. ಅಗ್ಗದ ಜಂಪರ್ ವೈರಿನ ತಲೆಯೊಳಗೆ ತಂತಿ ಕಡಿದಿರುತ್ತದೆ, ಹೊರಗೆ ಕಾಣುವುದಿಲ್ಲ. ಸಂಖ್ಯೆ ನೋಡುತ್ತ ಒಂದೊಂದೇ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಆಟ ಮುಗಿದು ತೋಟಕ್ಕೆ ಇಡುವ ಹೊತ್ತಿಗೆ ಬೆಸುಗೆ ಹಾಕಿಬಿಡಿ. ಸಕಲೇಶಪುರದ ಆಷಾಢದ ಮಳೆಯಲ್ಲಿ ಬ್ರೆಡ್‌ಬೋರ್ಡಿನ ಲೋಹದ ಹಿಡಿಗಳು ಕಿಲುಬು ಹಿಡಿಯದೆ ಇರುವುದಿಲ್ಲ.

ಸೆನ್ಸರಿನ ಹೆಸರು ಓದಿ

ಎಲ್ಎಂ35 ಅನ್ನುವ ಶಾಖದ ಸೆನ್ಸರ್ ನಮ್ಮ ಕಾಲೇಜು ಪ್ರಾಜೆಕ್ಟುಗಳಲ್ಲೆಲ್ಲ ಇರುತ್ತದೆ. ಒಂದು ಡಿಗ್ರಿಗೆ 10 ಮಿಲಿವೋಲ್ಟ್. 24 ಡಿಗ್ರಿಗೆ 240 ಮಿಲಿವೋಲ್ಟ್. ಎಂಸಿಪಿ3008ಕ್ಕೆ 3.3 ವೋಲ್ಟ್ ರೆಫರೆನ್ಸ್ (ಅಳತೆಯ ಮೇಲಿನ ಮಿತಿ) ಇದ್ದರೆ ಒಂದು ಮೆಟ್ಟಿಲು ಸುಮಾರು 3.2 ಮಿಲಿವೋಲ್ಟ್, ಅಂದರೆ 240 ಮಿಲಿವೋಲ್ಟಿಗೆ 74 ಅಥವಾ 75 ಬರಬೇಕು. ಹಾಳೆ ಮೇಲೆ ಬರೆಯಿರಿ ಅಂದದ್ದು ಇದನ್ನೇ.

ಈಗ ಎರಡು ಕಿತಾಪತಿ ಹೇಳುತ್ತೇನೆ. ಎಲ್ಎಂ35ಕ್ಕೆ ಕಡಿಮೆಯೆಂದರೂ 4 ವೋಲ್ಟ್ ಬೇಕು. ಪೈ ಅಂದರೆ 3.3 ಅಂತ ಕಲಿತವರು ಜಾಗ್ರತೆಯಿಂದ ಅದಕ್ಕೂ 3.3 ಕೊಟ್ಟಿರುತ್ತಾರೆ. ಅದು ಪೂರ್ತಿ ಸಾಯುವುದಿಲ್ಲ, ಏನೋ ಒಂದು ಹೇಳುತ್ತದೆ, ಅದೇ ತೊಂದರೆ. ಅದಕ್ಕೆ 5 ವೋಲ್ಟ್ ಕೊಡಿ. 100 ಡಿಗ್ರಿ ಆದರೂ ಹೊರಗೆ ಬರುವುದು 1 ವೋಲ್ಟ್ ಮಾತ್ರ, ಹಾಗಾಗಿ ಎಡಿಸಿಗೆ ಅಪಾಯವಿಲ್ಲ.

ಎರಡನೆಯದು ಟಿಎಂಪಿ36. ನೋಡಲು ಥೇಟ್ ಎಲ್ಎಂ35, ಮೂರು ಕಾಲು, ಕಪ್ಪು ಮೈ, ಕಾಲುಗಳ ಕ್ರಮವೂ ಅದೇ. ಆದರೆ ಇದು 0 ಡಿಗ್ರಿಗೇ 500 ಮಿಲಿವೋಲ್ಟ್ ಕೊಡುತ್ತದೆ. 24 ಡಿಗ್ರಿಗೆ 740. ಎಲ್ಎಂ35ರ ಲೆಕ್ಕ ಹಾಕಿದರೆ ಕೋಣೆಯಲ್ಲಿ 74 ಡಿಗ್ರಿ ಶಾಖ! ಹಾಗೆ ಬಂದರೆ ಮೈಮೇಲಿನ ಅಕ್ಷರ ಓದಲು ಒಂದು ಭೂತಗನ್ನಡಿ ಸಾಕು. ಎರಡನ್ನೂ ಉಲ್ಟಾ ಚುಚ್ಚಿದರೆ ಬೆರಳು ಸುಡುವಷ್ಟು ಬಿಸಿಯಾಗುತ್ತವೆ, ಆಗ ಬರುವ ಸಂಖ್ಯೆ ಒಂದು ರೀತಿಯಲ್ಲಿ ನಿಜವೇ.

ಸೆನ್ಸರ್ ಸರಿಯಿದೆಯಾ ಅಂತ ನೋಡಲು ಪುಡಿ ಮಾಡಿದ ಐಸನ್ನು ಸ್ವಲ್ಪ ನೀರಿನಲ್ಲಿ ಕಲಸಿ ಅದರಲ್ಲಿಡಿ, 0 ಡಿಗ್ರಿ. ಕಾಲುಗಳಿಗೆ ನೀರು ತಾಗದ ಹಾಗೆ ಟ್ಯೂಬ್ ಹಾಕಿ ಮುಚ್ಚಿರಬೇಕು. ಸಾಮಾನ್ಯ ಎಲ್ಎಂ35 ವೈರಿಂಗಿನಲ್ಲಿ 2 ಡಿಗ್ರಿಗಿಂತ ಕೆಳಗೆ ನಂಬುವ ಹಾಗಿಲ್ಲ, ಟಿಎಂಪಿ36ಕ್ಕೂ, ಶಾಖಕ್ಕೆ ತಕ್ಕ ಹಾಗೆ ಓಮ್ ಬದಲಾಗುವ ಥರ್ಮಿಸ್ಟರಿಗೂ ಆ ತೊಂದರೆಯಿಲ್ಲ. ಇನ್ನೊಂದು ತುದಿಗೆ ಕುದಿಯುವ ನೀರು. ಇಲ್ಲಿ ಪುಸ್ತಕದ 100 ಹಾಕಬೇಡಿ. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಇಲ್ಲಿ ನೀರು ಹೆಚ್ಚುಕಮ್ಮಿ 97 ಡಿಗ್ರಿಗೇ ಕುದಿಯುತ್ತದೆ, ಚಿಕ್ಕಮಗಳೂರಿನಲ್ಲಿ ಇನ್ನೂ ಸ್ವಲ್ಪ ಕಡಿಮೆಗೆ. ಸರಿಯಾಗಿದ್ದ ಸೆನ್ಸರನ್ನು 3 ಡಿಗ್ರಿ ಮೇಲೆ ತಳ್ಳಿ ಕೆಡಿಸಿದವರು ನಮ್ಮ ಮಲೆನಾಡಿನಲ್ಲೇ ಇದ್ದಾರೆ.

ಗ್ರೌಂಡ್ ಅಂದರೆ ಸೊನ್ನೆ ಅಲ್ಲ

ಇವತ್ತು ನಾನು ಹೇಳುವುದರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಲೂರು ಕಡೆ ಒಬ್ಬ ಹುಡುಗ ಅಣಬೆ ಬೆಳೆಯುವ ಶೆಡ್ಡಿಗೆ ಫ್ಯಾನ್ ಕಂಟ್ರೋಲ್ ಮಾಡಿದ್ದ. ಎಲ್ಎಂ35, ಎಂಸಿಪಿ3008, ಪೈ. ಶಾಖ 28 ಡಿಗ್ರಿ ದಾಟಿದರೆ 12 ವೋಲ್ಟಿನ ಫ್ಯಾನ್ ಆನ್, 26ಕ್ಕೆ ಇಳಿದರೆ ಆಫ್. ಮನೆಯಲ್ಲಿ ಪರೀಕ್ಷೆ ಮಾಡಿದಾಗ ಫ್ಯಾನ್ ಬದಲು ಒಂದು ಎಲ್‌ಇಡಿ ಹಾಕಿದ್ದ, ಚೆನ್ನಾಗಿ ನಡೆದಿತ್ತು. ಶೆಡ್ಡಿನಲ್ಲಿ ಮಧ್ಯಾಹ್ನ ಆನ್ ಆದ ಫ್ಯಾನ್ ಬೆಳಗಿನ ಜಾವದವರೆಗೂ ನಿಲ್ಲಲಿಲ್ಲ. ಅಣಬೆ ಒಣಗಿದವು.

ಪ್ರೋಗ್ರಾಂ ಅಕ್ಷರ ಅಕ್ಷರವೂ ಸರಿಯಿತ್ತು. ಆ ಹುಡುಗನಿಗೆ ಹಾಳೆ ಬರೆಯಲು ಹೇಳಿದೆ. ಶೆಡ್ಡಿನಲ್ಲಿ ತೂಗುಹಾಕಿದ್ದ ಥರ್ಮಾಮೀಟರಿನಲ್ಲಿ 25 ಡಿಗ್ರಿ ಇತ್ತು. ಎಲ್ಎಂ35ರ ಹೊರಕಾಲಿನಲ್ಲಿ, ಅಂದರೆ ವೋಲ್ಟೇಜ್ ಹೊರಬರುವ ಕಾಲಿನಲ್ಲಿ, 250 ಮಿಲಿವೋಲ್ಟ್ ಇರಬೇಕು. ಮೀಟರಿನ ಕಪ್ಪು ಕಡ್ಡಿಯನ್ನು ಎಲ್ಎಂ35ರ ಗ್ರೌಂಡ್ ಕಾಲಿಗೇ ಇಟ್ಟು ಕೆಂಪನ್ನು ಹೊರಕಾಲಿಗೆ ಇಟ್ಟರೆ 250. ಸೆನ್ಸರ್ ಸರಿ. ಆಮೇಲೆ ಕೆಂಪನ್ನು ಅಲ್ಲೇ ಬಿಟ್ಟು ಕಪ್ಪು ಕಡ್ಡಿಯನ್ನು ಎಂಸಿಪಿ3008ರ 14ನೇ ಕಾಲಿಗೆ, ಅಂದರೆ ಅದರ ಅನಲಾಗ್ ಗ್ರೌಂಡಿಗೆ ಇಟ್ಟೆವು. 300. ಸೆನ್ಸರ್ ಅದೇ, ಹೊರಕಾಲು ಅದೇ, ಆದರೆ 50 ಮಿಲಿವೋಲ್ಟ್ ಜಾಸ್ತಿ. ಕೊನೆಗೆ ಎರಡೂ ಕಡ್ಡಿಗಳನ್ನು ಎರಡು ಗ್ರೌಂಡುಗಳ ನಡುವೆಯೇ ಇಟ್ಟು ನೋಡಿದೆವು. ಫ್ಯಾನ್ ಆಫ್ ಇದ್ದಾಗ 0. ಆನ್ ಮಾಡಿದರೆ 50.

ಫ್ಯಾನಿನ ವಾಪಸು ಕರೆಂಟ್ ಸುಮಾರು ಅರ್ಧ ಆಂಪಿಯರ್. ಅದು ಸೆನ್ಸರಿನ ಗ್ರೌಂಡ್ ಇದ್ದ ಅದೇ ಸಾಲಿನಿಂದ, ಅದೇ ತೆಳು ಕಪ್ಪು ಜಂಪರಿನಲ್ಲಿ ಪವರ್ ಸಪ್ಲೈಗೆ ಹಿಂದಿರುಗುತ್ತಿತ್ತು. ಜಂಪರ್ ಮತ್ತು ಅದರ ಎರಡು ತುದಿಯ ಹಿಡಿತ ಸೇರಿ 0.1 ಓಮ್ ಇದ್ದರೆ ಸಾಕು, 0.5 ಗುಣಿಸು 0.1, ಅಲ್ಲಿಗೆ 50 ಮಿಲಿವೋಲ್ಟ್. ಎಲ್ಎಂ35ರ ಭಾಷೆಯಲ್ಲಿ ಅದು 5 ಡಿಗ್ರಿ. ಈಗ ನೋಡಿ ಏನಾಯ್ತು. ಫ್ಯಾನ್ ಆನ್ ಆದ ಕ್ಷಣ ಸಂಖ್ಯೆ 28ರಿಂದ 33ಕ್ಕೆ ಹಾರುತ್ತದೆ. ಅದು 26 ಆಗಬೇಕಾದರೆ ಶೆಡ್ ನಿಜವಾಗಿ 21ಕ್ಕೆ ಇಳಿಯಬೇಕು. ಫ್ಯಾನ್ ತಾನು ನಿಲ್ಲದಿರಲು ತಾನೇ ಸಾಕ್ಷಿ ಹೇಳುತ್ತಿತ್ತು!

ಎಲ್‌ಇಡಿ ಹಾಕಿದಾಗ ಯಾಕೆ ಬರಲಿಲ್ಲ? ಎಲ್‌ಇಡಿಗೆ 10 ಮಿಲಿಆಂಪಿಯರ್. 0.1 ಓಮಿನಲ್ಲಿ 1 ಮಿಲಿವೋಲ್ಟ್, ಎಡಿಸಿಯ ಒಂದು ಮೆಟ್ಟಿಲಿಗಿಂತಲೂ ಕಡಿಮೆ. ಮೇಜಿನ ಮೇಲೆ ಸರಿಯಿದ್ದದ್ದು ಜಾಗಕ್ಕೆ ಹೋದ ಮೇಲೆ ಕೆಡುವುದಕ್ಕೆ ಇದು ದೊಡ್ಡ ಕಾರಣ.

ಸರಿಮಾಡಿದ್ದು ಎರಡು ತಂತಿ ಬದಲಿಸಿ. ಫ್ಯಾನಿನ ವಾಪಸು ತಂತಿಯನ್ನು ಬೋರ್ಡಿಗೆ ತರದೆ ನೇರ ಪವರ್ ಸಪ್ಲೈಯ ಮೈನಸ್ ತುದಿಗೆ ಕೊಟ್ಟೆವು. ಸೆನ್ಸರಿನ ಗ್ರೌಂಡ್ ಬೇರೆ ತಂತಿಯಲ್ಲಿ ಎಡಿಸಿಯ 14ನೇ ಕಾಲಿಗೆ ಹೋಯಿತು, ಅದರಲ್ಲಿ ಬೇರೆ ಯಾರ ಕರೆಂಟೂ ಹರಿಯುವುದಿಲ್ಲ. ಮೋಟಾರ್, ರಿಲೇ, ಫ್ಯಾನ್ ಇರುವ ಯಾವುದೇ ಜೋಡಣೆಯಲ್ಲಿ ಎರಡು ಗ್ರೌಂಡುಗಳ ನಡುವೆ ಮೀಟರ್ ಹಿಡಿದು, ಲೋಡ್ ಆನ್ ಆಫ್ ಮಾಡಿ ನೋಡಿ. ಯಾವ ಪುಸ್ತಕದ ಸರ್ಕ್ಯೂಟ್ ಚಿತ್ರದಲ್ಲೂ ಆ 0.1 ಓಮ್ ಇರುವುದಿಲ್ಲ.

ಇದರ ತಮ್ಮನೊಂದಿದೆ, ಗ್ರೌಂಡ್ ಕೂಡಿಸದೇ ಇರುವುದು. ಸೆನ್ಸರಿಗೆ ಬೇರೆ ಅಡಾಪ್ಟರ್, ಪೈಗೆ ಬೇರೆ ಅಡಾಪ್ಟರ್, ನಡುವೆ ಸಿಗ್ನಲ್ ತಂತಿ ಒಂದೇ. ಕರೆಂಟ್ ಹೋಗುವುದಕ್ಕೆ ದಾರಿಯಿದೆ, ಬರುವುದಕ್ಕಿಲ್ಲ. ಸಂಖ್ಯೆ ಕಂಡ ಕಂಡ ಹಾಗೆ ಕುಣಿಯುತ್ತದೆ. ಎರಡರ ಗ್ರೌಂಡನ್ನೂ ಒಂದು ಕಡೆ ಸೇರಿಸಿದರೆ ಮುಗಿಯಿತು.

ಮೀಟರ್ ಸುಳ್ಳು ಹೇಳುವ ಜಾಗ

ಮೀಟರ್ ಹಿಡಿಯಿರಿ ಅಂತ ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಸಾಮಾನ್ಯ ಡಿಜಿಟಲ್ ಮೀಟರಿನ ಒಳಗೆ 10 ಮೆಗಾ ಓಮ್ ಇರುತ್ತದೆ. ಬ್ಯಾಟರಿ ಖಾಲಿಯಾಗಬಾರದು ಅಂತ ನೀವು ಎರಡು 1 ಮೆಗಾ ಓಮ್ ರೆಸಿಸ್ಟರುಗಳಲ್ಲಿ 3.3 ವೋಲ್ಟನ್ನು ಅರ್ಧ ಮಾಡಿದ್ದರೆ ನಡುವೆ 1.65 ಇರಬೇಕು. ಮೀಟರ್ 1.57 ತೋರಿಸುತ್ತದೆ. ಸರ್ಕ್ಯೂಟ್ ಸರಿಯೇ ಇದೆ. ಕೆಳಗಿನ 1 ಮೆಗಾ ಓಮಿಗೆ ಮೀಟರಿನ 10 ಮೆಗಾ ಓಮ್ ಜೊತೆಯಾಗಿ ಒಂಬತ್ತು ಲಕ್ಷದ ಆಸುಪಾಸಿಗೆ ಇಳಿದಿದೆ, ಅಷ್ಟೇ. ಪಿಎಚ್ ಅಳೆಯುವ ಗಾಜಿನ ಕಡ್ಡಿಯಂತೂ ನೂರಾರು ಮೆಗಾ ಓಮಿನದು, ಅದಕ್ಕೆ ಮೀಟರ್ ಹಿಡಿದು ಪ್ರಯೋಜನವಿಲ್ಲ.

ಎಡಿಸಿಗೂ ಇಂಥದ್ದೇ ಗುಣ ಇದೆ, ಬೇರೆ ರೀತಿಯಲ್ಲಿ. ಎಂಸಿಪಿ3008ರ ಒಳಗೆ ಚಾರ್ಜ್ ತುಂಬಿಟ್ಟುಕೊಳ್ಳುವ 20 ಪಿಕೋಫ್ಯಾರಡಿನ ಒಂದು ಪುಟ್ಟ ಕೆಪಾಸಿಟರ್ ಇದೆ. ಓದುವಾಗ ಅದು ನಿಮ್ಮ ಕಾಲಿನಿಂದ ತುಂಬಿಕೊಳ್ಳಬೇಕು. ಮೆಗಾ ಓಮ್ ಮೂಲಕ ತುಂಬಲು ಹೊತ್ತು ಬೇಕು, ಅಷ್ಟರಲ್ಲಿ ಓದು ಮುಗಿದಿರುತ್ತದೆ. ಹಿಂದೆ ಓದಿದ ಚಾನೆಲ್ಲಿನ ಉಳಿಕೆ ಇದರಲ್ಲಿ ಬೆರೆಯುತ್ತದೆ. ಗುರುತು ಹಿಡಿಯುವುದು ಸುಲಭ: ಚಾನೆಲ್ 0ಯ ವೋಲ್ಟೇಜ್ ಏರಿಸಿದರೆ ಚಾನೆಲ್ 1ರ ಸಂಖ್ಯೆಯೂ ಅಲ್ಲಾಡುತ್ತದೆ. ಎಡಿಸಿ ಕಾಲಿನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡಿನ ಕೆಪಾಸಿಟರ್ ಹಾಕಿ. ಅದು ಒಳಗಿನ ಪುಟ್ಟದಕ್ಕಿಂತ 5,000 ಪಟ್ಟು ದೊಡ್ಡದು, ಕೇಳಿದಾಗ ಸಲೀಸಾಗಿ ತುಂಬಿಸಿಕೊಡುತ್ತದೆ. ಬೇಗ ಬದಲಾಗುವ ಸಿಗ್ನಲ್ ಆದರೆ ಮಾತ್ರ ಆಪ್-ಆಂಪ್ ಬೇಕು.

ಆಪ್-ಆಂಪ್ ಅಂದ ಕೂಡಲೇ ಎಲ್ಲರ ಡಬ್ಬಿಯಿಂದಲೂ ಹೊರಬರುವುದು ಎಲ್ಎಂ358. ಒಳ್ಳೆಯದೇ, ಅಗ್ಗ. ಆದರೆ ಅದರ ಹೊರಕಾಲು ತನಗೆ ಕೊಟ್ಟ ವೋಲ್ಟೇಜಿಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಂತುಬಿಡುತ್ತದೆ. 3.3 ಕೊಟ್ಟರೆ 1.8ರ ಹತ್ತಿರ ತಲೆ ತಾಗುತ್ತದೆ. ಟ್ಯಾಂಕ್ ಅರ್ಧ ತುಂಬುವವರೆಗೆ ಸಂಖ್ಯೆ ಸರಿಯಾಗಿ ಏರಿ ಆಮೇಲೆ ನಿಂತುಹೋದರೆ ಇದನ್ನು ಅನುಮಾನಿಸಿ. ಎಂಸಿಪಿ6002 ಥರದ್ದು ಹಾಕಿ, 3.3ರಲ್ಲಿ ಮೇಲಿನ ತುದಿವರೆಗೂ ಹೋಗುತ್ತದೆ.

ಹೀಗೆ ನಡುವೆ ನಿಲ್ಲುವ ಇನ್ನೊಂದು ಗಿರಾಕಿ ಎಡಿಎಸ್1115. ಏನೂ ಹೇಳದಿದ್ದರೆ ಅದು 2.048 ವೋಲ್ಟಿನವರೆಗೆ ಮಾತ್ರ ಅಳೆಯುತ್ತದೆ, ಅದರಾಚೆ 32767 ಅಂತ ಕೂತುಬಿಡುತ್ತದೆ. ಇದೊಂದು ಮಾತ್ರ ಪ್ರೋಗ್ರಾಮಿನಲ್ಲಿ ಸರಿಮಾಡುವಂಥದ್ದು, ಮಿತಿಯನ್ನು 4.096ಕ್ಕೆ ಏರಿಸಿ. ಏರಿಸಿದ ಮಾತ್ರಕ್ಕೆ 4 ವೋಲ್ಟ್ ಕೊಡಬಹುದು ಅಂತಲ್ಲ. ಚಿಪ್ಪಿಗೆ 3.3 ಕೊಟ್ಟಿದ್ದರೆ ಕಾಲಿಗೂ ಅಷ್ಟೇ. ಆ ಮಾಡ್ಯೂಲಿಗೆ 5 ವೋಲ್ಟ್ ಕೊಟ್ಟರಾಯ್ತಲ್ಲ ಅಂತ ಕೆಲವರು ಕೇಳುತ್ತಾರೆ. ಕೊಡಬೇಡಿ. ಅದರ ಮೇಲಿನ ಪುಲ್-ಅಪ್ ರೆಸಿಸ್ಟರುಗಳು ಪೈನ ಐ2ಸಿ ಪಿನ್ನುಗಳನ್ನು 5 ವೋಲ್ಟಿನ ಕಡೆಗೆ ಎಳೆಯುತ್ತವೆ.

ಐವತ್ತು ಹರ್ಟ್ಸ್ ಎಲ್ಲೆಲ್ಲೂ

ಕುಣಿಯುವ ಸಂಖ್ಯೆಗೆ ಬರೋಣ. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್, ಅಂದರೆ 20 ಮಿಲಿಸೆಕೆಂಡಿಗೆ ಒಂದು ಸುತ್ತು. ಸೆನ್ಸರಿನ ಉದ್ದ ತಂತಿ ಪಂಪ್‌ಸೆಟ್ಟಿನ ಕೇಬಲ್ ಜೊತೆಗೇ ಓಡುತ್ತಿದ್ದರೆ ಅದು ಇದರೊಳಗೆ ಇಳಿಯುತ್ತದೆ. ಮೀಟರನ್ನು ಎಸಿ ಮಿಲಿವೋಲ್ಟಿಗೆ ತಿರುಗಿಸಿ ಎಡಿಸಿ ಕಾಲಿಗೆ ಹಿಡಿಯಿರಿ. ಡಿಸಿಯಲ್ಲಿ ನೆಟ್ಟಗೆ ಕಂಡದ್ದು ಎಸಿಯಲ್ಲಿ 30 ಮಿಲಿವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕ.

ಈ ಕಳ್ಳ ವೇಷ ಹಾಕಿಕೊಂಡೂ ಬರುತ್ತಾನೆ. ನೀವು ಸೆಕೆಂಡಿಗೆ 10 ಸಲ ಓದುತ್ತಿದ್ದೀರಿ. ಕರೆಂಟ್ ಸರಿಯಾಗಿ 50 ಇದ್ದರೆ ಪ್ರತಿ ಸಲವೂ ಅಲೆಯ ಒಂದೇ ಜಾಗ ಸಿಗುತ್ತದೆ, ಏನೂ ಗೊತ್ತಾಗುವುದಿಲ್ಲ. 49.9ಕ್ಕೆ ಇಳಿಯಿತು ಅನ್ನಿ, ನಮ್ಮ ಗ್ರಿಡ್ಡಿನಲ್ಲಿ ಅಷ್ಟು ಇಳಿಯುವುದು ಹೊಸತೇನಲ್ಲ. ಆಗ ನಿಮ್ಮ ಗ್ರಾಫಿನಲ್ಲಿ 10 ಸೆಕೆಂಡಿಗೊಂದು ಸಲ ಮೆಲ್ಲಗೆ ಏರಿಳಿಯುವ ಅಲೆ ಕಾಣುತ್ತದೆ. ನೋಡಿದವರು ಗಾಳಿ ಬೀಸಿ ಶಾಖ ಬದಲಾಗುತ್ತಿದೆ ಅಂದುಕೊಳ್ಳುತ್ತಾರೆ. ಓದುವ ವೇಗವನ್ನು 10ರಿಂದ 13ಕ್ಕೆ ಬದಲಿಸಿ ನೋಡಿ. ಅಲೆಯ ರೂಪ ಬದಲಾದರೆ ಅದು ಶೆಡ್ಡಿನ ಗಾಳಿಯಲ್ಲ, ಕರೆಂಟು.

ಎಡಿಸಿ ಕಾಲಿನ ಮುಂದೆ 10 ಕಿಲೋ ಓಮ್, ಕಾಲಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕಿದರೆ 1.6 ಹರ್ಟ್ಸಿನ ಮೇಲಿನದೆಲ್ಲ ಕುಗ್ಗುತ್ತದೆ. ಶಾಖ, ತೇವ, ನೀರಿನ ಮಟ್ಟಕ್ಕೆ ಇದು ಬೇಕಾದಷ್ಟಾಯಿತು. ಪೈಗೆ ಕೊಡುವ ಅಡಾಪ್ಟರನ್ನೂ ಒಮ್ಮೆ ನೋಡಿ. ಪರದೆ ಮೇಲೆ ಮಿಂಚಿನ ಗುರುತು ಬಂದರೆ 5 ವೋಲ್ಟ್ ಕುಸಿದಿದೆ ಅಂತ ಅರ್ಥ.

ಮಣ್ಣಿನ ತೇವ

ತೋಟದವರು ಕಾಯುತ್ತಿದ್ದ ವಿಷಯ ಇದು. ಫೆಬ್ರವರಿ, ಮಾರ್ಚಿನಲ್ಲಿ ಹೂ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಹಾಗಾಗಿ ಮಣ್ಣಿನ ತೇವ ತಿಳಿಯುವ ಆಸೆ ಎಲ್ಲರಿಗೂ. ಎರಡು ಲೋಹದ ಕಡ್ಡಿ ಚುಚ್ಚುವ ಅಗ್ಗದ ಸೆನ್ಸರ್ ಬೇಡ. ಸದಾ ಡಿಸಿ ಹರಿಯುತ್ತಿದ್ದರೆ ಕೆಲವೇ ವಾರದಲ್ಲಿ ಒಂದು ಕಡ್ಡಿ ತಿಂದುಹೋಗುತ್ತದೆ. ಅದನ್ನೇ ಬಳಸುವುದಾದರೆ ಓದುವ ಕ್ಷಣ ಮಾತ್ರ ಕರೆಂಟ್ ಕೊಡಿ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಥರದ್ದು ಬಾಳಿಕೆ ಬರುತ್ತದೆ, ಆದರೆ ಅದರ ಮೇಲಿನ 555 ಅನ್ನುವ ಟೈಮರ್ ಚಿಪ್ ಯಾವುದು ಅಂತ ಓದಿ. ಎನ್‌ಇ555 ಆದರೆ ಅದಕ್ಕೆ 4.5 ವೋಲ್ಟ್ ಬೇಕು, 3.3ರಲ್ಲಿ ಸರಿಯಾಗಿ ನಡೆಯುವುದಿಲ್ಲ. ಟಿಎಲ್‌ಸಿ555 ಇದ್ದರೆ ಸರಿ. ಬೋರ್ಡಿನ ಕೊಯ್ದ ಅಂಚಿನಿಂದ ನೀರು ಒಳಗೆ ಇಳಿದು ಸಂಖ್ಯೆ ತಿಂಗಳಿಂದ ತಿಂಗಳಿಗೆ ಜಾರುತ್ತದೆ, ಅಂಚಿಗೆ ವಾರ್ನಿಷ್ ಬಳಿಯಿರಿ. ಶೇಕಡ ಇಷ್ಟು ತೇವ ಅಂತ ಅದು ಹೇಳುವುದನ್ನು ನಾನಂತೂ ನಂಬುವುದಿಲ್ಲ. ನಿಮ್ಮದೇ ತೋಟದ ಒಣಮಣ್ಣಿಗೆ ಎಷ್ಟು, ನೀರು ಹಾಯಿಸಿದ ಮಾರನೇ ದಿನ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಅವೆರಡರ ನಡುವೆ ಎಲ್ಲಿದೆ ಅನ್ನುವುದಷ್ಟೇ ಸಾಕು.

ಕೇಳಿದ ಪ್ರಶ್ನೆಗಳು

*ಸರ್, ಶಾಖಕ್ಕೆ ಡಿಜಿಟಲ್ ಸೆನ್ಸರ್ ಸಿಗುತ್ತಲ್ಲ, ಇಷ್ಟೆಲ್ಲ ಯಾಕೆ?*

ಸರಿಯಾದ ಪ್ರಶ್ನೆ. ಶಾಖ ಮಾತ್ರ ಬೇಕಿದ್ದರೆ ಡಿಎಸ್18ಬಿ20 ತಗೊಳ್ಳಿ, ಅರ್ಧ ಡಿಗ್ರಿಯೊಳಗೆ ಹೇಳುತ್ತದೆ, ಗ್ರೌಂಡಿನ 50 ಮಿಲಿವೋಲ್ಟಿಗೆ ಅದು ಜಗ್ಗುವುದಿಲ್ಲ. ಡೇಟಾ ತಂತಿಯಿಂದ 3.3ಕ್ಕೆ 4.7 ಕಿಲೋ ಓಮ್ ಮರೆಯಬೇಡಿ. ಆದರೆ ಒತ್ತಡ, ಮೋಟಾರಿನ ಕರೆಂಟ್, ಬ್ಯಾಟರಿ ವೋಲ್ಟೇಜ್ ಅಂತ ಹೋದರೆ ಮತ್ತೆ ಇದೇ ದಾರಿಗೆ ಬರಬೇಕಾಗುತ್ತದೆ.

*ಸರಾಸರಿ ತೆಗೆಯಬೇಡಿ ಅಂದ್ರಾ?*

ಕುಣಿತ ಎಲ್ಲಿಂದ ಅಂತ ಗೊತ್ತಾದ ಮೇಲೆ ತೆಗೆಯಿರಿ. 1 ಮಿಲಿಸೆಕೆಂಡಿಗೊಂದರಂತೆ 20 ಓದಿ ಸರಾಸರಿ ಹಾಕಿದರೆ 50 ಹರ್ಟ್ಸಿನ ಒಂದು ಪೂರ್ತಿ ಸುತ್ತು ಬರುತ್ತದೆ, ಮೇಲೆ ಕೆಳಗೆ ಹೊಡೆದುಹೋಗುತ್ತದೆ. ಲಿನಕ್ಸಿನಲ್ಲಿ ಆ 1 ಮಿಲಿಸೆಕೆಂಡ್ ಆಚೀಚೆ ಆಗುತ್ತದೆ, ಆದರೂ ಬಹಳಷ್ಟು ಕಡಿಮೆಯಾಗುತ್ತದೆ. ಅಣಬೆ ಶೆಡ್ಡಿನ ಆ 5 ಡಿಗ್ರಿ ಮಾತ್ರ ಸಾವಿರ ಓದಿನ ಸರಾಸರಿಯಲ್ಲೂ 5 ಡಿಗ್ರಿಯೇ.

*ನಮ್ಮ ಟ್ಯಾಂಕ್ ಮನೆಯಿಂದ ದೂರ, ಗುಡ್ಡದ ಮೇಲಿದೆ. ಅಷ್ಟು ಉದ್ದ ತಂತಿ ಎಳೆದರೆ ಆಗುತ್ತಾ?*

ವೋಲ್ಟೇಜ್ ಕೊಡುವ ಸೆನ್ಸರ್ ಆದರೆ ಬೇಡ. 4ರಿಂದ 20 ಮಿಲಿಆಂಪಿಯರ್ ಕೊಡುವ ಲೆವೆಲ್ ಟ್ರಾನ್ಸ್‌ಮಿಟರ್ ಹಾಕಿ, ಕಾರ್ಖಾನೆಗಳಲ್ಲಿ ಬಳಸುವಂಥದ್ದು. ತಂತಿ ಎಷ್ಟು ಉದ್ದವಾದರೂ ಅದರಲ್ಲಿ ಹರಿಯುವ ಕರೆಂಟ್ ಎರಡು ತುದಿಯಲ್ಲೂ ಒಂದೇ, ಟ್ರಾನ್ಸ್‌ಮಿಟರಿಗೆ ಬೇಕಾದಷ್ಟು ವೋಲ್ಟ್ ಉಳಿದರೆ ಆಯ್ತು. ಎಡಿಸಿ ಹತ್ತಿರ 150 ಓಮ್ ರೆಸಿಸ್ಟರ್ ಹಾಕಿದರೆ ಟ್ಯಾಂಕ್ ಖಾಲಿಯಿದ್ದಾಗ 0.6 ವೋಲ್ಟ್, ತುಂಬಿದಾಗ 3 ವೋಲ್ಟ್. 0 ಬಂದರೆ ಟ್ಯಾಂಕ್ ಖಾಲಿಯಲ್ಲ, ತಂತಿ ತುಂಡಾಗಿದೆ. ಹಂದಿಯೋ ದನವೋ ತುಳಿದಿರಬಹುದು, ಮನೆಯಲ್ಲಿ ಕೂತೇ ಗೊತ್ತಾಗುತ್ತದೆ.

*ಸಿಡಿಲು?*

ಏಪ್ರಿಲ್, ಮೇ ಗುಡುಗು ಮಳೆ ಬಂದಾಗ ಅಷ್ಟು ಉದ್ದದ ತಂತಿ ಇದ್ದರೆ ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲೂ ಸಾಕು. ತಂತಿ ಮನೆಯೊಳಗೆ ಬರುವ ಕಡೆ, ಸಿಡಿಲಿನ ಏಟನ್ನು ಭೂಮಿಗೆ ಹರಿಸುವ ಸರ್ಜ್ ಅರೆಸ್ಟರ್ ಹಾಕಿ, ಅದನ್ನು ಒಳ್ಳೆಯ ಅರ್ತಿಂಗಿಗೆ ಕೊಡಿ. ಎಡಿಸಿ ಕಾಲಿಗೆ 1 ಕಿಲೋ ಓಮ್ ಸರಣಿಯಲ್ಲಿರಲಿ. ಮೋಡ ಕಟ್ಟುವ ಮೊದಲೇ ಪ್ಲಗ್ ಕೀಳುವುದಕ್ಕಿಂತ ದೊಡ್ಡ ರಕ್ಷಣೆ ಇಲ್ಲ, ಗುಡುಗು ಶುರುವಾದ ಮೇಲೆ ಮಾತ್ರ ತಂತಿ ಮುಟ್ಟಲು ಹೋಗಬೇಡಿ. ಎಂಸಿಪಿ3008 ಚಿಪ್ಪನ್ನು ಬೋರ್ಡಿಗೆ ನೇರ ಬೆಸುಗೆ ಹಾಕದೆ 16 ಕಾಲಿನ ಸಾಕೆಟ್ ಮೇಲೆ ಕೂರಿಸಿ, ಡಬ್ಬಿಯಲ್ಲಿ ಇನ್ನೊಂದು ಚಿಪ್ ಇಟ್ಟಿರಿ. ಸಿಡಿಲು ಹೊಡೆದ ಮೇಲೆ ಗ್ರೌಂಡಿಗೆ ಮುಟ್ಟಿಸಿ 0 ಬರದಿದ್ದರೆ, 3.3ಕ್ಕೆ ಮುಟ್ಟಿಸಿ 1023 ಬರದಿದ್ದರೆ, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದಷ್ಟೇ.